ಟ್ರೈಗ್ಲಿಸರೈಡ್ 684, ಎಲ್‌ಡಿಎಲ್ ‘ನಾರ್ಮಲ್’: ಒಂದು ಪ್ರಕರಣ ಅಧ್ಯಯನ

ವಯಸ್ಸು 46, ಊರು ದಾವಣಗೆರೆ, ಹಾರ್ಡ್‌ವೇರ್ ಅಂಗಡಿಯ ಮಾಲೀಕರು. ಎಂಟು ವರ್ಷದಿಂದ ಬಿ.ಪಿ.ಗೆಂದು ಅಟೆನೊಲಾಲ್ 50 ಮಿ.ಗ್ರಾಂ. ನುಂಗುತ್ತಿದ್ದಾರೆ, ಅದು ಬಿಟ್ಟರೆ ಆಸ್ಪತ್ರೆ ಕಡೆ ತಲೆ ಹಾಕಿದವರಲ್ಲ. ಬೀಡಿ, ಸಿಗರೇಟು ಇಲ್ಲ. ಎತ್ತರ 168 ಸೆಂ.ಮೀ., ತೂಕ 79 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ., ಬಿ.ಪಿ. 138/86. ತಂದೆಗೆ 52ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ವಿಮೆ ಪಾಲಿಸಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಹರಿಯುವ ಕೊಬ್ಬು, 684 ಬಂತು. ರಿಪೋರ್ಟನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿ ಒಂದು ಸ್ಟ್ರಿಪ್ ಮಾತ್ರೆ ತಂದರು. ನುಂಗುವ ಮುಂಚೆ ಯಾರನ್ನಾದರೂ ಕೇಳಿಬಿಡೋಣ ಎಂದು ಫಿಸಿಶಿಯನ್ ಹತ್ತಿರ ಬಂದರು.

ಇದು ಒಬ್ಬ ನಿರ್ದಿಷ್ಟ ರೋಗಿಯ ಕಡತವಲ್ಲ. ಹೊರರೋಗಿ ವಿಭಾಗಗಳಲ್ಲಿ ಪದೇ ಪದೇ ಕಾಣುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಸುತ್ತ ಜೋಡಿಸಿ ಬರೆದ ಮಾದರಿ ಪ್ರಕರಣ. ಅಂಕಿಗಳೂ ಆ ಮಾದರಿಯವೇ. ಔಷಧಗಳ ಪ್ರಮಾಣ ಈ ಪ್ರಕರಣಕ್ಕೆ ಸೀಮಿತ. ಓದುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನೇ ಅನುಸರಿಸಬಾರದು.

ಮೊದಲ ರಿಪೋರ್ಟ್

ಒಟ್ಟು ಕೊಲೆಸ್ಟರಾಲ್ 268, ಟ್ರೈಗ್ಲಿಸರೈಡ್ 684, ಎಚ್‌ಡಿಎಲ್ 32, ವಿಎಲ್‌ಡಿಎಲ್ 136.8, ಎಲ್‌ಡಿಎಲ್ 99.2. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಕೊಲೆಸ್ಟರಾಲನ್ನು ರಕ್ತದಲ್ಲಿ ಹೊರುವ ಕಣಗಳಲ್ಲಿ ಎಲ್‌ಡಿಎಲ್ ‘ಕೆಟ್ಟದ್ದು’, ಎಚ್‌ಡಿಎಲ್ ‘ಒಳ್ಳೆಯದು’ ಎನಿಸಿಕೊಂಡವು; ವಿಎಲ್‌ಡಿಎಲ್ ಮುಖ್ಯವಾಗಿ ಟ್ರೈಗ್ಲಿಸರೈಡ್ ಹೊರುತ್ತದೆ. ಟ್ರೈಗ್ಲಿಸರೈಡ್ ಮುಂದೆ ದಪ್ಪಕ್ಷರದಲ್ಲಿ ‘ಹೈ’ ಎಂದಿದೆ. ಎಲ್‌ಡಿಎಲ್ ಮುಂದೆ ಯಾವ ಗುರುತೂ ಇಲ್ಲ.

“ಕೆಟ್ಟ ಕೊಲೆಸ್ಟರಾಲ್ ನಾರ್ಮಲ್ ಐತಂತೆ ಡಾಕ್ಟ್ರೇ, ಬರೀ ಟ್ರೈಗ್ಲಿಸರೈಡ್ ಒಂದೇ ಜಾಸ್ತಿ ಅಂದ್ರು.”

ಆ 99.2ನ್ನು ಯಂತ್ರ ಅಳೆದಿಲ್ಲ, ಲೆಕ್ಕ ಹಾಕಿದೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆ, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನು ಕಳೆ, ಉಳಿದದ್ದು ಎಲ್‌ಡಿಎಲ್. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರ ಇದು. ನಮ್ಮ ಅನೇಕ ಲ್ಯಾಬ್‌ಗಳು ಇವತ್ತಿಗೂ ಇದನ್ನೇ ಬಳಸುತ್ತವೆ. ವಿಎಲ್‌ಡಿಎಲ್ ಕಣಗಳಲ್ಲಿ ಕೊಲೆಸ್ಟರಾಲಿನ ಐದು ಪಟ್ಟು ಟ್ರೈಗ್ಲಿಸರೈಡ್ ಇರುತ್ತದೆ ಎಂಬುದು ಅದರ ಊಹೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಊಹೆ ಕೈಕೊಡುತ್ತದೆ. ಕಣಗಳಲ್ಲಿ ಟ್ರೈಗ್ಲಿಸರೈಡಿನ ಪಾಲು ಐದು ಪಟ್ಟಿಗಿಂತಲೂ ಹೆಚ್ಚಾಗಿ, ಸೂತ್ರವು ವಿಎಲ್‌ಡಿಎಲ್ ಅನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಎಲ್‌ಡಿಎಲ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಳ್ಳೆಯ ಲ್ಯಾಬ್ ಇಂಥ ಕಡೆ ಎಲ್‌ಡಿಎಲ್ ಜಾಗವನ್ನು ಖಾಲಿ ಬಿಡುತ್ತದೆ, ಇಲ್ಲವೇ ‘ಲೆಕ್ಕ ಹಾಕಲಾಗದು’ ಎಂದು ಬರೆಯುತ್ತದೆ. ಇಲ್ಲಿ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಕಳೆದು 99.2 ಅಚ್ಚು ಹಾಕಿದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ‘ಎಲ್‌ಡಿಎಲ್ ಸರಿಯಿದೆ’ ಎಂಬ ಸುಳ್ಳು ಸಮಾಧಾನ ಹುಟ್ಟುವುದು ಈ ಒಂದು ಸಾಲಿನಿಂದ. ಹೃದಯದ ಮಟ್ಟಿಗೆ ಇದು ಟ್ರೈಗ್ಲಿಸರೈಡಿಗಿಂತ ದೊಡ್ಡ ಅಪಾಯ.

ಈ ರಿಪೋರ್ಟಿನಲ್ಲಿ ನಂಬಬಹುದಾದ ಅಂಕಿಯನ್ನು ಲ್ಯಾಬ್ ಅಚ್ಚು ಮಾಡಿರಲೇ ಇಲ್ಲ: 268ರಲ್ಲಿ 32 ಕಳೆದರೆ 236. ಇದು ನಾನ್‌-ಎಚ್‌ಡಿಎಲ್ ಕೊಲೆಸ್ಟರಾಲ್. ರಕ್ತನಾಳದ ಗೋಡೆಯೊಳಗೆ ನುಗ್ಗಬಲ್ಲ ಎಲ್ಲ ಕಣಗಳಲ್ಲಿರುವ ಕೊಲೆಸ್ಟರಾಲಿನ ಮೊತ್ತ. ಎಲ್‌ಡಿಎಲ್, ವಿಎಲ್‌ಡಿಎಲ್, ಅರ್ಧಂಬರ್ಧ ಕರಗಿ ಉಳಿದ ಕಣಗಳು, ಎಲ್ಲವೂ ಇದರಲ್ಲಿ ಬಂದವು. ಇದಕ್ಕೆ ಉಪವಾಸ ಬೇಡ, ಊಹೆಯೂ ಬೇಡ. 2024ರ ಜುಲೈನಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಹೊರತಂದ ಮಾರ್ಗಸೂಚಿ, ಟ್ರೈಗ್ಲಿಸರೈಡ್ 150 ದಾಟಿದವರಲ್ಲಿ ಇದನ್ನೇ ಗುರಿಯಾಗಿ ಹಿಡಿಯಿರಿ ಎನ್ನುತ್ತದೆ. ಅಪಾಯ ಕಡಿಮೆ ಇರುವವರಲ್ಲೂ ನಾನ್‌-ಎಚ್‌ಡಿಎಲ್ 130ರ ಒಳಗಿರಬೇಕು. ಇವರದ್ದು 236.

ರಕ್ತ ಕೊಟ್ಟ ದಿನದ ಹಿಂದೆ ಮುಂದೆ ಏನಾಗಿತ್ತು ಎಂದು ಕೇಳಿದಾಗ ಇನ್ನಷ್ಟು ಬಯಲಾಯಿತು. ಪರೀಕ್ಷೆ ಸೋಮವಾರ ಬೆಳಿಗ್ಗೆ ಏಳೂವರೆಗೆ. ಭಾನುವಾರ ಮಧ್ಯಾಹ್ನ ಗೃಹಪ್ರವೇಶದ ಹೋಳಿಗೆ ಊಟ, ರಾತ್ರಿ ಮಟನ್, ಜೊತೆಗೆ ಒಂದು ಕ್ವಾರ್ಟರ್ ವಿಸ್ಕಿ. ಕೊನೆಯ ತುತ್ತು ಬಾಯಿಗಿಟ್ಟಾಗ ಹನ್ನೊಂದೂವರೆ. ಎಂಟು ಗಂಟೆಯ ಹೊಟ್ಟೆಯಲ್ಲಿ ಕೊಟ್ಟ ರಕ್ತ ಅದು. ರಿಪೋರ್ಟಿನ ಅಡಿಯಲ್ಲಿ, ಯಾರೂ ಓದದ ಸಣ್ಣಕ್ಷರದಲ್ಲಿ, ‘ಲೈಪೀಮಿಕ್ ಸ್ಯಾಂಪಲ್’ ಎಂದಿತ್ತು. ಟ್ಯೂಬಿನಲ್ಲಿ ರಕ್ತಕಣ ಕೆಳಗಿಳಿದ ಮೇಲೆ ತೇಲುವ ಸೀರಂ ತಿಳಿಯಾಗಿ, ಒಣಹುಲ್ಲಿನ ಬಣ್ಣದಲ್ಲಿರಬೇಕು. ಕೊಬ್ಬು ತುಂಬಿದ್ದರೆ ಹಾಲು ಬೆರೆಸಿದಂತೆ ಮಬ್ಬಾಗಿರುತ್ತದೆ. ಅಂಥ ಮಬ್ಬು ಸ್ಯಾಂಪಲ್ಲಿನಲ್ಲಿ ಬೇರೆ ಕೆಲವು ಪರೀಕ್ಷೆಗಳ ಅಂಕಿಯೂ ಏರುಪೇರಾಗಬಹುದು.

ಟ್ರೈಗ್ಲಿಸರೈಡಿನ ಅಂಕಿ 150ರ ಒಳಗಿದ್ದರೆ ಸರಿ, 200ರಿಂದ 499 ಹೆಚ್ಚು, 500 ಮತ್ತು ಮೇಲೆ ತೀರಾ ಹೆಚ್ಚು. 500 ದಾಟಿದ ಮೇಲೆ ಹೃದಯದ ಜೊತೆಗೆ ಇನ್ನೊಂದು ಅಂಗದ ಚಿಂತೆ ಸೇರಿಕೊಳ್ಳುತ್ತದೆ: ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್. 1000 ದಾಟಿದಾಗ ಆ ಅಪಾಯ ನಿಜಕ್ಕೂ ಏರುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ತೀವ್ರ ನೋವು, ಬಿಡದ ವಾಂತಿ ಇದ್ದರೆ ಮನೆಯಲ್ಲಿ ಗ್ಯಾಸ್ ಮಾತ್ರೆ ನುಂಗಿ ಕಾಯಬಾರದು, ಸೀದಾ ಎಮರ್ಜೆನ್ಸಿಗೆ ಹೋಗಬೇಕು. ಇವರಿಗೆ ನೋವಿಲ್ಲ, ಅಂಕಿ 1000ದ ಒಳಗಿದೆ. ಹಾಗಾಗಿ ಎರಡು ವಾರ ಕಾಯುವಷ್ಟು ಸಮಯವಿತ್ತು.

ಏರಿದ್ದೇಕೆ ಎಂದು ಹುಡುಕಿದ್ದು

ಟ್ರೈಗ್ಲಿಸರೈಡ್ ಇಷ್ಟು ಏರಿದಾಗ ಮೊದಲ ಕೆಲಸ ಕಾರಣ ಹುಡುಕುವುದು. ಮಾತ್ರೆ ಆಮೇಲೆ. ಹುಡುಕಬೇಕಾದವು ಕೈಬೆರಳಲ್ಲಿ ಎಣಿಸುವಷ್ಟೇ: ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ತೊಂದರೆ, ಮದ್ಯ, ಮತ್ತು ಈಗಾಗಲೇ ನುಂಗುತ್ತಿರುವ ಔಷಧಗಳು. ಔಷಧಗಳಲ್ಲಿ ಸ್ಟೀರಾಯ್ಡ್, ಈಸ್ಟ್ರೋಜೆನ್ ಇರುವ ಮಾತ್ರೆ, ಬಿ.ಪಿ.ಗೆ ಕೊಡುವ ಹಳೆಯ ಬೀಟಾ ಬ್ಲಾಕರ್ (ಇವರ ಅಟೆನೊಲಾಲ್ ಇದೇ ಗುಂಪಿನದು) ಮತ್ತು ಹೆಚ್ಚಿನ ಡೋಸಿನ ಥಯಜೈಡ್, ಕೆಲವು ಮಾನಸಿಕ ರೋಗದ ಔಷಧ ಮುಖ್ಯವಾದವು. ಮಂಡಿನೋವಿಗೆಂದು ಹೆಸರು ಗೊತ್ತಿಲ್ಲದ ಪುಡಿ, ಮಾತ್ರೆ ತೆಗೆದುಕೊಳ್ಳುವವರನ್ನು ಒತ್ತಿ ಕೇಳಬೇಕು, ಅದರಲ್ಲಿ ಸ್ಟೀರಾಯ್ಡ್ ಸೇರಿರುವುದುಂಟು.

ಬಂದ ಫಲಿತಾಂಶ: ಖಾಲಿ ಹೊಟ್ಟೆಯ ಸಕ್ಕರೆ 142, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 7.4. ಡಯಾಬಿಟಿಸ್ ಇದೆ, ಗೊತ್ತೇ ಇರಲಿಲ್ಲ. ಥೈರಾಯ್ಡಿನ ಟಿಎಸ್‌ಎಚ್ 3.1, ಕಿಡ್ನಿಯ ಕ್ರಿಯಾಟಿನಿನ್ 0.9, ಎರಡೂ ಸರಿ; ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಲಿವರಿನ ಎಎಲ್‌ಟಿ 68, ತುಸು ಹೆಚ್ಚು; ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್. ವಿಸ್ಕಿ ವಾರಕ್ಕೆ ಮೂರು ದಿನ, ದಿನಕ್ಕೊಂದು ಕ್ವಾರ್ಟರ್. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಅದರಿಂದಲೇ 400ಕ್ಕೂ ಹೆಚ್ಚು ಕ್ಯಾಲೊರಿ.

ಇವೆಲ್ಲ ಸೇರುವ ಜಾಗ ಲಿವರ್. ಇನ್ಸುಲಿನ್ ಸರಿಯಾಗಿ ನಾಟದ ದೇಹದಲ್ಲಿ ಹೊಟ್ಟೆಯ ಸುತ್ತಲಿನ ಕೊಬ್ಬು ಹಗಲೂ ರಾತ್ರಿ ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡುತ್ತದೆ. ಅದು ಲಿವರಿಗೆ ಹೋಗುತ್ತದೆ. ಹೆಚ್ಚಾದ ಸಕ್ಕರೆ, ಪಿಷ್ಟವನ್ನೂ ಲಿವರ್ ಕೊಬ್ಬಾಗಿ ಮಾರ್ಪಡಿಸುತ್ತದೆ. ಮದ್ಯ ಬಂದಾಗ ಲಿವರ್ ಮೊದಲು ಅದನ್ನು ಸುಡುತ್ತದೆ, ಕೊಬ್ಬು ಸುಡದೆ ಉಳಿಯುತ್ತದೆ. ಹೀಗೆ ಕೂಡಿದ ಕೊಬ್ಬಿನಲ್ಲಿ ಒಂದಷ್ಟು ಅಲ್ಲೇ ನಿಂತು ಫ್ಯಾಟಿ ಲಿವರ್ ಆಗುತ್ತದೆ, ಉಳಿದದ್ದು ವಿಎಲ್‌ಡಿಎಲ್ ಕಣಗಳಾಗಿ ರಕ್ತಕ್ಕೆ ಬರುತ್ತದೆ. ಆ ಕೊಬ್ಬನ್ನು ರಕ್ತದಲ್ಲಿ ಕರಗಿಸುವ ಕಿಣ್ವ ಲೈಪೊಪ್ರೋಟೀನ್ ಲೈಪೇಸ್. ಸಕ್ಕರೆ ಹತೋಟಿ ತಪ್ಪಿದಾಗ ಅದರ ಕೆಲಸವೂ ಕುಗ್ಗುತ್ತದೆ. ಅಂಕಿ 500ರ ಆಚೆ ಹೋದಾಗ ಕಿಣ್ವ ಕೈತುಂಬ ಕೆಲಸದಲ್ಲಿರುತ್ತದೆ. ಆಮೇಲೆ ಊಟದಿಂದ ಬಂದ ಕೊಬ್ಬು ಕರಗಲು ಸರದಿ ಕಾಯುತ್ತ ರಕ್ತದಲ್ಲೇ ಉಳಿಯುತ್ತದೆ. ಒಂದೇ ಒಂದು ಭಾನುವಾರ ಅಂಕಿಯನ್ನು ನೂರಾರು ಮೇಲೆತ್ತಬಲ್ಲದು ಏಕೆ ಎಂಬುದಕ್ಕೆ ಉತ್ತರ ಇದು.

ತಂದೆಯ ಹಾರ್ಟ್ ಅಟ್ಯಾಕ್ ಕಾರಣಕ್ಕೆ ಲೈಪೊಪ್ರೋಟೀನ್-ಎ (ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣ) ಪರೀಕ್ಷೆಯನ್ನೂ ಮಾಡಿಸಲಾಯಿತು. ಬಂದದ್ದು 78, 50ರ ಮೇಲಿದ್ದರೆ ಹೆಚ್ಚು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದು. ಊಟ, ನಡಿಗೆ ಯಾವುದಕ್ಕೂ ಹೆಚ್ಚೇನೂ ಬಗ್ಗುವುದಿಲ್ಲ. ಜೀವಮಾನದಲ್ಲಿ ಒಮ್ಮೆ ನೋಡಿಕೊಂಡರೆ ಸಾಕು. ಇದು ಹೆಚ್ಚಿದ್ದರೆ ಉಳಿದ ಅಂಕಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು, ಅಷ್ಟೇ. ಕಣ್ಣರೆಪ್ಪೆಯ ಹಳದಿ ಗಂಟು, ದಪ್ಪಗಾದ ಹಿಮ್ಮಡಿಯ ಸ್ನಾಯುರಜ್ಜು ಇದ್ದರೆ ವಂಶಪಾರಂಪರ್ಯ ಕೊಲೆಸ್ಟರಾಲ್ ಕಾಯಿಲೆಯ ಅನುಮಾನ ಬರುತ್ತದೆ. ಇವರಲ್ಲಿ ಅವು ಇರಲಿಲ್ಲ.

ಆ ಸ್ಟ್ರಿಪ್

ಮೆಡಿಕಲ್ ಶಾಪಿನಿಂದ ತಂದದ್ದು, ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಗುಂಪಿನ ರೋಸುವಾಸ್ಟಾಟಿನ್ 10 ಮತ್ತು ಟ್ರೈಗ್ಲಿಸರೈಡ್ ಇಳಿಸುವ ಫೈಬ್ರೇಟ್ ಗುಂಪಿನ ಫೆನೊಫೈಬ್ರೇಟ್ 160 ಎರಡೂ ಸೇರಿದ ಮಾತ್ರೆ. ಇದರಲ್ಲಿ ವಿಷವೇನಿಲ್ಲ, ಬೇಕಾದ ರೋಗಿಗಳೂ ಇದ್ದಾರೆ. ಆದರೆ ಇಲ್ಲಿ ಮೊದಲ ದಿನವೇ ಶುರು ಮಾಡಿದ್ದರೆ ಮೂರು ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಡಯಾಬಿಟಿಸ್ ಗೊತ್ತಾಗುತ್ತಿರಲಿಲ್ಲ, ವಿಸ್ಕಿ ನಿಲ್ಲುತ್ತಿರಲಿಲ್ಲ, ಇಳಿದ ಟ್ರೈಗ್ಲಿಸರೈಡಿನ ಕೀರ್ತಿಯೆಲ್ಲ ಮಾತ್ರೆಗೆ ಹೋಗುತ್ತಿತ್ತು.

ಫೆನೊಫೈಬ್ರೇಟ್ ಟ್ರೈಗ್ಲಿಸರೈಡನ್ನು ಚೆನ್ನಾಗಿ ಇಳಿಸುತ್ತದೆ, ಸಂದೇಹವಿಲ್ಲ. ಆದರೆ ಅಂಕಿ ಇಳಿದಷ್ಟೂ ಹಾರ್ಟ್ ಅಟ್ಯಾಕ್ ಕಡಿಮೆಯಾಗುತ್ತದೆ ಎಂಬುದು ಸಾಬೀತಾಗಿಲ್ಲ. 2010ರ ಅಕಾರ್ಡ್ ಲಿಪಿಡ್ ಅಧ್ಯಯನದಲ್ಲಿ ಡಯಾಬಿಟಿಸ್ ಇರುವವರಿಗೆ ಸ್ಟಾಟಿನ್ ಜೊತೆ ಇದನ್ನು ಸೇರಿಸಿದಾಗ ಒಟ್ಟಾರೆ ಹೃದಯದ ಅನಾಹುತಗಳು ಇಳಿಯಲಿಲ್ಲ. 2022ರಲ್ಲಿ ಇದೇ ಬಗೆಯ ಪೆಮಾಫೈಬ್ರೇಟ್ ಮೇಲಿನ ಪ್ರಾಮಿನೆಂಟ್ ಅಧ್ಯಯನವೂ ಹಾಗೆಯೇ ಮುಗಿಯಿತು: ಟ್ರೈಗ್ಲಿಸರೈಡ್ ಇಳಿಯಿತು, ಹೃದಯಕ್ಕೆ ಲಾಭ ಕಾಣಲಿಲ್ಲ. ಹಾಗಾಗಿ ಫೈಬ್ರೇಟಿನ ನಿಜವಾದ ಜಾಗ ಪ್ಯಾಂಕ್ರಿಯಾಸ್ ಉಳಿಸುವುದು. ಉಪವಾಸದ ಪರೀಕ್ಷೆಯಲ್ಲೂ, ಕಾರಣಗಳನ್ನು ಸರಿಪಡಿಸಿದ ಮೇಲೂ 500ರ ಮೇಲೇ ನಿಂತವರಿಗೆ ಅದು ಬೇಕು. 1000 ದಾಟಿದವರಿಗೆ ಕಾಯದೆ ಮೊದಲ ದಿನವೇ ಬೇಕು. ಸ್ಟಾಟಿನ್ ಜೊತೆ ಕೊಡುವುದಾದರೆ ಫೆನೊಫೈಬ್ರೇಟನ್ನೇ ಕೊಡಬೇಕು. ಇನ್ನೊಂದು ಫೈಬ್ರೇಟ್ ಆದ ಜೆಮ್‌ಫೈಬ್ರೊಜಿಲ್ ಸ್ಟಾಟಿನ್ ಜೊತೆ ಸೇರಿದರೆ ಸ್ನಾಯು ಹಾನಿಯ ಅಪಾಯ ಹೆಚ್ಚು.

ಸ್ಟ್ರಿಪ್ಪನ್ನು ಬದಿಗಿಟ್ಟು ಎರಡು ವಾರಕ್ಕೆ ಹೇಳಿದ್ದು ಇಷ್ಟು: ಮದ್ಯ ಪೂರ್ತಿ ಬಂದ್, ಸಕ್ಕರೆ ಹಾಕಿದ ಯಾವ ಪಾನೀಯವೂ ಬೇಡ, ಕರಿದದ್ದು ಬೇಡ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆರಡು ಬಾರಿ ಊಟದ ಜೊತೆ. ಬಿ.ಪಿ.ಗೆ ಅಟೆನೊಲಾಲ್ ಬದಲು ಟೆಲ್ಮಿಸಾರ್ಟನ್ 40. ಅಟೆನೊಲಾಲನ್ನು ಒಮ್ಮೆಗೇ ನಿಲ್ಲಿಸಿದರೆ ಬಿ.ಪಿ., ಎದೆಬಡಿತ ಏರುತ್ತದೆ, ಆದ್ದರಿಂದ ಎರಡು ವಾರದಲ್ಲಿ ಡೋಸ್ ಇಳಿಸುತ್ತ ಬಿಡಿಸಲಾಯಿತು. (ದಿನವೂ ಹೆಚ್ಚು ಕುಡಿಯುವವರಾಗಿದ್ದರೆ ಮದ್ಯವನ್ನೂ ಹೀಗೆ ಏಕಾಏಕಿ ನಿಲ್ಲಿಸುವಂತಿಲ್ಲ. ನಡುಕ, ಫಿಟ್ಸ್ ಬರಬಹುದು; ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.)

ಎರಡನೇ ಪರೀಕ್ಷೆಗೆ ರಾತ್ರಿ ಎಂಟಕ್ಕೆ ಊಟ ಮುಗಿಸಿ, ನೀರು ಮಾತ್ರ ಕುಡಿದು, ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟರು. ಒಟ್ಟು ಕೊಲೆಸ್ಟರಾಲ್ 254, ಟ್ರೈಗ್ಲಿಸರೈಡ್ 428, ಎಚ್‌ಡಿಎಲ್ 33. ಟ್ರೈಗ್ಲಿಸರೈಡ್ 250ಕ್ಕೂ ಹೆಚ್ಚು ಇಳಿಯಿತು. ನಾನ್‌-ಎಚ್‌ಡಿಎಲ್ ಮಾತ್ರ 236ರಿಂದ 221ಕ್ಕೆ ಬಂದು ನಿಂತಿತು. ಡಯಾಬಿಟಿಸ್, ಬಿ.ಪಿ., ತಂದೆಯ ಇತಿಹಾಸ, ಲೈಪೊಪ್ರೋಟೀನ್-ಎ ಎಲ್ಲ ಸೇರಿದ ವ್ಯಕ್ತಿ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಗುರಿ: ಎಲ್‌ಡಿಎಲ್ 70ರ ಒಳಗೆ, ನಾನ್‌-ಎಚ್‌ಡಿಎಲ್ 100ರ ಒಳಗೆ. 221ರಿಂದ 100ಕ್ಕೆ ಬರೀ ಪಥ್ಯದಿಂದ ಇಳಿಯುವುದಿಲ್ಲ. ಈಗ ರೋಸುವಾಸ್ಟಾಟಿನ್ 10 ಮಿ.ಗ್ರಾಂ. ಶುರುವಾಯಿತು, ಒಂಟಿಯಾಗಿ. ಎಎಲ್‌ಟಿ 68 ಇದೆಯೆಂದು ಹಿಂಜರಿಯಬೇಕಿಲ್ಲ. ಫ್ಯಾಟಿ ಲಿವರ್ ಸ್ಟಾಟಿನ್‌ಗೆ ಅಡ್ಡಿಯಲ್ಲ. ಎಎಲ್‌ಟಿ ಮೇಲ್ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ನಿಂತು ಯೋಚಿಸಬೇಕು. 20, 40ಕ್ಕೆ ನೇರ ಹಾರದಿರಲು ಕಾರಣವೂ ಇದೆ: ಒಂದೇ ಡೋಸಿಗೆ ಏಷ್ಯಾ ಮೂಲದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಮಟ್ಟ ಯುರೋಪ್ ಮೂಲದವರಿಗಿಂತ ಹೆಚ್ಚಾಗಿರುತ್ತದೆ.

ಅಡುಗೆಮನೆ ಲೆಕ್ಕ

ದಾವಣಗೆರೆಯವರಿಗೆ ‘ಬೆಣ್ಣೆ ದೋಸೆ ಬಿಡಿ’ ಎಂದು ಹೇಳಿದರೆ ಯಾರೂ ಬಿಡುವುದಿಲ್ಲ. ಲೆಕ್ಕ ತೋರಿಸಿದರೆ ಕಡಿಮೆ ಮಾಡುತ್ತಾರೆ. ಒಂದು ದೋಸೆಗೆ 10 ಗ್ರಾಂ ಬೆಣ್ಣೆ ಎಂದು ಕಡಿಮೆಯೇ ಹಿಡಿಯೋಣ. ಬೆಣ್ಣೆಯ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ 5 ಗ್ರಾಂ. ಮೂರು ದೋಸೆಗೆ 15 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ, ಎಲ್‌ಡಿಎಲ್ ಇಳಿಸಬೇಕಿದ್ದರೆ, ಸ್ಯಾಚುರೇಟೆಡ್ ಕೊಬ್ಬು ಶೇ. 7ರ ಒಳಗಿರಬೇಕು, ಅದು ಸುಮಾರು 15 ಗ್ರಾಂ. ಬೆಳಗಿನ ತಿಂಡಿಗೇ ದಿನದ ಕೋಟಾ ಮುಗಿಯಿತು. ವಾರಕ್ಕೆ ಮೂರು ಬಾರಿ ತಿನ್ನುತ್ತಿದ್ದದ್ದನ್ನು ತಿಂಗಳಿಗೆ ಎರಡು ಬಾರಿ, ಆಗಲೂ ಎರಡೇ ದೋಸೆ ಎಂದು ಒಪ್ಪಿಕೊಂಡರು.

ಟ್ರೈಗ್ಲಿಸರೈಡಿನ ವಿಷಯದಲ್ಲಿ ಅಂಗಡಿಯ ಚಹಾ ಬೆಣ್ಣೆಗಿಂತ ದೊಡ್ಡ ಖಳ. ಗಿರಾಕಿ ಬಂದಾಗಲೆಲ್ಲ ಒಂದು ಸಣ್ಣ ಗ್ಲಾಸ್, ದಿನಕ್ಕೆ ಎಂಟು. ಒಂದಕ್ಕೆ ಒಂದೂವರೆ ಚಮಚ ಸಕ್ಕರೆ ಹಿಡಿದರೂ ದಿನಕ್ಕೆ 60 ಗ್ರಾಂ, ತಿಂಗಳಿಗೆ ಹತ್ತಿರಹತ್ತಿರ ಎರಡು ಕಿಲೋ. ಸಂಜೆ ಮೋಸಂಬಿ ಜ್ಯೂಸ್ ಬೇರೆ, ಅದಕ್ಕೂ ಸಕ್ಕರೆ. ಎಣ್ಣೆ ತಿನ್ನದಿದ್ದರೂ ಟ್ರೈಗ್ಲಿಸರೈಡ್ ಏರುತ್ತದೆ ಎಂಬ ಮಾತನ್ನು ಇವರು ನಂಬಿದ್ದು ಈ ಎರಡು ಕಿಲೋ ಕೇಳಿದ ಮೇಲೆ. ಚಹಾ ಮೂರಕ್ಕೆ ಇಳಿಯಿತು, ಸಕ್ಕರೆ ಇಲ್ಲದೆ. ಬೆಲ್ಲ, ಜೇನುತುಪ್ಪಕ್ಕೆ ಬದಲಾಯಿಸುವುದರಿಂದ ಏನೂ ಗಿಟ್ಟುವುದಿಲ್ಲ, ಲಿವರಿಗೆ ಅವೂ ಸಕ್ಕರೆಯೇ.

ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರಿನ ಒಂದು ಎಣ್ಣೆ ಕ್ಯಾನ್. ತಲೆಗೆ ದಿನಕ್ಕೆ 38 ಗ್ರಾಂ ಬಂತು, ಹೊರಗೆ ತಿಂದದ್ದು ಲೆಕ್ಕಕ್ಕಿಲ್ಲ. ಗುರಿ ತಲೆಗೆ ತಿಂಗಳಿಗೆ ಅರ್ಧ ಲೀಟರ್. “ಎರಡು ಲೀಟರ್‌ನಾಗ ಹೆಂಗ್ರೀ ಮಾಡೋದು?” ಎಂದು ಮನೆಯವರು ಕೇಳಿದ್ದು ಸರಿಯಾಗಿಯೇ ಇತ್ತು. ಕ್ಯಾನಿನಿಂದ ಬಾಣಲೆಗೆ ಸುರಿಯುವ ಬದಲು ವಾರದ ಎಣ್ಣೆಯನ್ನು ಸಣ್ಣ ಬಾಟಲಿಗೆ ತುಂಬಿಟ್ಟು ಚಮಚದಲ್ಲೇ ಅಳೆದು ಹಾಕಲು ಶುರುಮಾಡಿದರು. ಎರಡನೇ ತಿಂಗಳಿಗೆ ಮೂರು ಲೀಟರಿಗೆ ಬಂತು. ಅಲ್ಲಿಗೇ ನಿಂತಿತು, ಅದೂ ದೊಡ್ಡದೇ. ಯಾವ ಎಣ್ಣೆ ಎಂಬ ಪ್ರಶ್ನೆ ಎಷ್ಟು ಎಣ್ಣೆ ಎಂಬುದರ ಆಮೇಲಿನದು. ಶೇಂಗಾ, ಸೂರ್ಯಕಾಂತಿ, ಕುಸುಬೆ ಯಾವುದನ್ನಾದರೂ ಬದಲಾಯಿಸುತ್ತ ಬಳಸಬಹುದು. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಹತ್ತಿರ. ಸಂಜೆಯ ಮಿರ್ಚಿ ಮಂಡಕ್ಕಿಯಲ್ಲಿ ತೊಂದರೆ ಕೊಡುವುದು ಮಂಡಕ್ಕಿಗಿಂತ ಮಿರ್ಚಿ. ಅದೂ ಬೆಳಗಿನಿಂದ ಕಾದ ಎಣ್ಣೆಯಲ್ಲಿ ಕರಿದದ್ದು. 2022ರ ಜನವರಿಯಿಂದ ಖಾದ್ಯ ತೈಲ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದೆಂದು ನಿಯಮವಿದೆ, ಆದರೆ ಬಂಡಿಯ ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯುವ ಎಣ್ಣೆಯನ್ನು ಅಳೆಯುವವರಿಲ್ಲ.

ತಟ್ಟೆಯಲ್ಲಿ ಅನ್ನ ಅರ್ಧವಾಯಿತು. ಅಲ್ಲೊಂದು ಎಡವಟ್ಟಾಯಿತು: ಅನ್ನದ ಬದಲು ಸಿರಿಧಾನ್ಯ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಸಾಮೆ ಅನ್ನವನ್ನು ಹೊಟ್ಟೆತುಂಬ, ಮೇಲೆ ಎರಡು ಜೋಳದ ರೊಟ್ಟಿ ತಿನ್ನತೊಡಗಿದರು. ಮೊದಲ ಮೂರು ವಾರ ತೂಕ ಒಂದು ಗ್ರಾಂ ಇಳಿಯಲಿಲ್ಲ. ರಾಗಿ, ಜೋಳ, ಸಾಮೆ, ನವಣೆಯಲ್ಲಿ ನಾರು ಹೆಚ್ಚು, ನಿಜ. ಪಿಷ್ಟವೂ ಅಕ್ಕಿಯ ಹತ್ತಿರದಷ್ಟೇ ಇದೆ. ಒಂದು ಹೊತ್ತಿಗೆ ಒಂದು ರೊಟ್ಟಿ, ಒಂದು ಸಣ್ಣ ಬಟ್ಟಲು ಅನ್ನ, ತಟ್ಟೆಯ ಅರ್ಧ ಸೊಪ್ಪು, ತರಕಾರಿ ಪಲ್ಯ, ಒಂದು ಬಟ್ಟಲು ಮೊಳಕೆ ಹೆಸರು ಇಲ್ಲವೇ ಮಡಕೆ ಕಾಳು: ಇದಕ್ಕೆ ಬಂದ ಮೇಲೆ ತೂಕ ಇಳಿಯತೊಡಗಿತು. ಇಸಬ್‌ಗೋಲ್ ದಿನಕ್ಕೆ ಎರಡು ದೊಡ್ಡ ಚಮಚ, ದೊಡ್ಡ ಲೋಟ ನೀರಿನಲ್ಲಿ. ಅದರ ಕರಗುವ ನಾರು ಎಲ್‌ಡಿಎಲ್ ಅನ್ನು ಶೇ. 5ರಿಂದ 7ರಷ್ಟು ಇಳಿಸುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ಅಗಸೆ ಚಟ್ನಿಪುಡಿ ಒಳ್ಳೆಯ ಅಭ್ಯಾಸ. ಅದರಲ್ಲಿರುವ ಒಮೆಗಾ-3 ಮೀನಿನದಲ್ಲ, ಟ್ರೈಗ್ಲಿಸರೈಡ್ ಮೇಲೆ ಅದರ ಪ್ರಭಾವ ಅಲ್ಪ. ಮೊಟ್ಟೆ ದಿನಕ್ಕೊಂದು ತಿನ್ನಲು ಅಡ್ಡಿ ಹೇಳಲಿಲ್ಲ.

ಮೀನೆಣ್ಣೆ ಕ್ಯಾಪ್ಸೂಲ್ ಬಗ್ಗೆ ಇವರ ಮಗ ಕೇಳಿದ. 1000 ಮಿ.ಗ್ರಾಂ. ಎಂದು ಬರೆದಿರುವ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಸೇರಿ ಸುಮಾರು 300 ಮಿ.ಗ್ರಾಂ. ಮಾತ್ರ. ಟ್ರೈಗ್ಲಿಸರೈಡ್ ಇಳಿಸುವ ಪ್ರಮಾಣ ದಿನಕ್ಕೆ 2ರಿಂದ 4 ಗ್ರಾಂ. ಅಷ್ಟು ಬೇಕೆಂದರೆ ದಿನಕ್ಕೆ ಏಳರಿಂದ ಹದಿಮೂರು ಕ್ಯಾಪ್ಸೂಲ್ ನುಂಗಬೇಕು. ಶುದ್ಧ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟ 2018ರ ರಿಡ್ಯೂಸ್-ಇಟ್ ಅಧ್ಯಯನದಲ್ಲಿ ಹೃದಯದ ಅನಾಹುತ ಶೇ. 25ರಷ್ಟು ಇಳಿದದ್ದು ನಿಜ, ಆದರೆ ಹೃದಯದ ಲಯ ತಪ್ಪುವುದು ಹೆಚ್ಚಾಯಿತು. ಅದು ಬೇರೆ ಔಷಧ, ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರ ಮೇಲೆ ಮಾಡಿದ ಅಧ್ಯಯನ. ಅಂಗಡಿಯ ಕ್ಯಾಪ್ಸೂಲಿಗೆ ಆ ಫಲ ಅನ್ವಯಿಸುವುದಿಲ್ಲ.

ನಡಿಗೆ ರಾತ್ರಿ ಅಂಗಡಿ ಮುಚ್ಚಿ ಊಟವಾದ ಮೇಲೆ ಇಪ್ಪತ್ತು ನಿಮಿಷ, ಬೆಳಿಗ್ಗೆ ಇಪ್ಪತ್ತು. ಊಟದ ನಂತರದ ನಡಿಗೆ ಸಕ್ಕರೆ, ಟ್ರೈಗ್ಲಿಸರೈಡ್ ಎರಡಕ್ಕೂ ಒಳ್ಳೆಯದು.

ಮಾತ್ರೆ ಬಿಟ್ಟ ಮೂರು ತಿಂಗಳು

ಎಂಟು ವಾರಕ್ಕೆ: ಒಟ್ಟು ಕೊಲೆಸ್ಟರಾಲ್ 168, ಟ್ರೈಗ್ಲಿಸರೈಡ್ 236, ಎಚ್‌ಡಿಎಲ್ 35, ನಾನ್‌-ಎಚ್‌ಡಿಎಲ್ 133. ಈಗ ಸೂತ್ರವನ್ನು ನಂಬಬಹುದು, ಎಲ್‌ಡಿಎಲ್ 86. ತೂಕ 76. ಗುರಿ ಇನ್ನೂ ದೂರವಿತ್ತು. ಆದರೆ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟರಾಲ್ 200ರ ಒಳಗೆ, ಎಲ್‌ಡಿಎಲ್ 100ರ ಒಳಗೆ, ಎರಡಕ್ಕೂ ‘ಹೈ’ ಗುರುತಿಲ್ಲ. ಲ್ಯಾಬ್ ಅಚ್ಚು ಮಾಡುವ ಮಿತಿ ಎಲ್ಲರಿಗೂ ಒಂದೇ, ಡಯಾಬಿಟಿಸ್ ಇರುವವರ ಗುರಿ ಬೇರೆ. ಈ ವ್ಯತ್ಯಾಸವನ್ನು ರಿಪೋರ್ಟಿನ ಮೇಲೇ ಪೆನ್ನಿನಲ್ಲಿ ಬರೆದು ಕೊಡಬೇಕಿತ್ತು, ಬಾಯಲ್ಲಿ ಹೇಳಿದ್ದು ಸಾಲಲಿಲ್ಲ. ಜೊತೆಗೆ ಸ್ಟಾಟಿನ್‌ನಿಂದ ಕಿಡ್ನಿ ಹಾಳಾಗುತ್ತದೆ ಎಂಬ ವಿಡಿಯೋವನ್ನು ಭಾವಮೈದ ಕಳಿಸಿದ್ದರು, ತೊಡೆ ನೋವೂ ಶುರುವಾಗಿತ್ತು. ರೋಸುವಾಸ್ಟಾಟಿನ್ ನಿಂತಿತು. ಮೆಟ್‌ಫಾರ್ಮಿನ್, ಪಥ್ಯ, ನಡಿಗೆ ಹಾಗೇ ಮುಂದುವರಿದವು. ವಿಸ್ಕಿಯತ್ತ ಹೋಗಲಿಲ್ಲ.

ಮೂರು ತಿಂಗಳ ನಂತರದ ರಿಪೋರ್ಟ್: ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 37, ಎಚ್‌ಬಿಎ1ಸಿ 6.4, ತೂಕ 74. ಒಟ್ಟು ಕೊಲೆಸ್ಟರಾಲ್ 226, ನಾನ್‌-ಎಚ್‌ಡಿಎಲ್ 189, ಎಲ್‌ಡಿಎಲ್ 147.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ ರಿಪೋರ್ಟ್ ಇದು. ಟ್ರೈಗ್ಲಿಸರೈಡ್ ಮಾತ್ರೆಯಿಲ್ಲದೆಯೂ ಕೆಳಗೇ ಉಳಿಯಿತು, ಇನ್ನೂ ಸ್ವಲ್ಪ ಇಳಿಯಿತು. ಎಲ್‌ಡಿಎಲ್ ಮಾತ್ರ 86ರಿಂದ 147ಕ್ಕೆ ಜಿಗಿಯಿತು. ಎರಡೂ ಒಂದೇ ಹಾಳೆಯಲ್ಲಿ ಅಚ್ಚಾದರೂ ಎರಡರ ಮೂಲ ಬೇರೆ ಬೇರೆ. ಟ್ರೈಗ್ಲಿಸರೈಡ್ ಮೊನ್ನೆ ಏನು ತಿಂದಿರಿ, ಏನು ಕುಡಿದಿರಿ, ಸಕ್ಕರೆ ಹೇಗಿದೆ ಎಂಬುದಕ್ಕೆ ಬೇಗ ಸ್ಪಂದಿಸುತ್ತದೆ. ಎಲ್‌ಡಿಎಲ್ ಮಟ್ಟವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದನ್ನು ರಕ್ತದಿಂದ ಎಳೆದುಕೊಳ್ಳುವ ಲಿವರಿನ ಗ್ರಾಹಕಗಳು. ಅವು ಎಷ್ಟಿವೆ ಎಂಬುದರಲ್ಲಿ ವಂಶದ ಪಾಲು ದೊಡ್ಡದು. ಸ್ಟಾಟಿನ್ ಲಿವರಿನಲ್ಲಿ ಕೊಲೆಸ್ಟರಾಲ್ ತಯಾರಿಯನ್ನು ತಗ್ಗಿಸಿದಾಗ ಲಿವರ್ ಹೊಸ ಗ್ರಾಹಕಗಳನ್ನು ಹುಟ್ಟಿಸಿ ರಕ್ತದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಹಳೆಯ ಮಟ್ಟ ವಾಪಸ್. ಮೊದಲ ದಿನದ ‘ನಾರ್ಮಲ್’ 99.2ರ ಹಿಂದೆ ಅಡಗಿದ್ದ ಎಲ್‌ಡಿಎಲ್ ಯಾವ ಮಟ್ಟದ್ದು ಎಂಬುದೂ ಇಲ್ಲಿ ಗೊತ್ತಾಯಿತು.

ತೊಡೆ ನೋವನ್ನು ಹಾಗೇ ತಳ್ಳಿಹಾಕಲಿಲ್ಲ. ಸ್ಟಾಟಿನ್‌ನ ಸ್ನಾಯುನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಭುಜದ ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ. ಇವರದ್ದು ಬಲತೊಡೆಯದು ಮಾತ್ರ. ಪೇಂಟ್ ಡಬ್ಬಗಳ ಲೋಡ್ ಇಳಿಸಿದ ವಾರ ಶುರುವಾದದ್ದು, ಮಾತ್ರೆ ಬಿಟ್ಟು ಒಂದೂವರೆ ತಿಂಗಳಾದರೂ ಹೋಗಿರಲಿಲ್ಲ. ಸ್ನಾಯು ಹಾನಿಯನ್ನು ತೋರಿಸುವ ಸಿಕೆ 142, ಸರಿಯಾಗಿತ್ತು. 2020ರ ಸ್ಯಾಮ್ಸನ್ ಅಧ್ಯಯನದಲ್ಲಿ, ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದವರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ನೋಡಿದರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯಲ್ಲೂ ಕಂಡಿತ್ತು. ಅವರ ನೋವು ಸುಳ್ಳೆಂದಲ್ಲ, ಮಾತ್ರೆಯೇ ಕಾರಣವೆಂದು ಹೇಳಲಾಗದು. ಎರಡೂ ತೊಡೆ ಸೋತು ಮೆಟ್ಟಿಲು ಹತ್ತಲಾಗದಿದ್ದರೆ, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಬರಬೇಕು. ಕಿಡ್ನಿಯ ಭಯಕ್ಕೆ ಕ್ರಿಯಾಟಿನಿನ್ ಮತ್ತೆ ಮಾಡಿಸಿ ತೋರಿಸಲಾಯಿತು, 0.9 ಇದ್ದದ್ದು 0.9ರಲ್ಲೇ ಇತ್ತು. ಸ್ಟಾಟಿನ್ ಸಕ್ಕರೆಯನ್ನು ತುಸು ಏರಿಸಬಹುದು ಎಂಬ ಮಾತು ನಿಜ. ಡಯಾಬಿಟಿಸ್ ಇರುವವರಲ್ಲಿ ಹೃದಯಕ್ಕೆ ಸಿಗುವ ರಕ್ಷಣೆ ಅದಕ್ಕಿಂತ ಎಷ್ಟೋ ದೊಡ್ಡದು.

ಮತ್ತೆ ಶುರುವಾದಾಗ ರೋಸುವಾಸ್ಟಾಟಿನ್ 10ರ ಜೊತೆ ಎಜೆಟಿಮೈಬ್ 10 ಸೇರಿತು. ರೋಸುವಾಸ್ಟಾಟಿನ್ ಡೋಸನ್ನೇ ಎರಡು ಪಟ್ಟು ಮಾಡಿದ್ದರೆ ಸಿಗುತ್ತಿದ್ದದ್ದು ಎಲ್‌ಡಿಎಲ್‌ನಲ್ಲಿ ಇನ್ನೊಂದು ಶೇ. 6ರಷ್ಟು ಇಳಿಕೆ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಇನ್ನೂ ಶೇ. 20ರಷ್ಟು ಇಳಿಸುತ್ತದೆ, ಸ್ನಾಯುವಿಗೆ ಹೊರೆಯಾಗದೆ. ಎಂಟು ವಾರಕ್ಕೆ ಒಟ್ಟು ಕೊಲೆಸ್ಟರಾಲ್ 134, ಟ್ರೈಗ್ಲಿಸರೈಡ್ 158, ಎಚ್‌ಡಿಎಲ್ 38, ನಾನ್‌-ಎಚ್‌ಡಿಎಲ್ 96, ಎಲ್‌ಡಿಎಲ್ 64. ತೂಕ 73, ಎಎಲ್‌ಟಿ 36. ಎಚ್‌ಡಿಎಲ್ 38ರಲ್ಲೇ ಇದೆ, ಅದನ್ನು ಏರಿಸಲು ಯಾವ ಮಾತ್ರೆಯನ್ನೂ ಕೊಡಲಿಲ್ಲ. ಮಾತ್ರೆಯಿಂದ ಎಚ್‌ಡಿಎಲ್ ಏರಿಸಿ ಹೃದಯ ಉಳಿಸುವ ಪ್ರಯತ್ನಗಳು ಫಲ ಕೊಟ್ಟಿಲ್ಲ.

ಮನೆಯ ಉಳಿದವರು

ಲೈಪೊಪ್ರೋಟೀನ್-ಎ ಹೆಚ್ಚಿದ್ದುದರಿಂದ ಇವರ ತಮ್ಮನ ಮತ್ತು ಮಕ್ಕಳ ಪರೀಕ್ಷೆಯೂ ಆಗಬೇಕಿತ್ತು. ತಮ್ಮನಿಗೆ 41, ತೆಳ್ಳಗಿದ್ದಾರೆ, ಕುಡಿಯುವುದಿಲ್ಲ. ಟ್ರೈಗ್ಲಿಸರೈಡ್ 120, ಎಲ್‌ಡಿಎಲ್ 152, ಲೈಪೊಪ್ರೋಟೀನ್-ಎ 84. ಹೊಟ್ಟೆಯಿಲ್ಲದವರಿಗೆ ಕೊಲೆಸ್ಟರಾಲ್ ಇರುವುದಿಲ್ಲ ಎಂದು ಅವರು ಪರೀಕ್ಷೆಗೆ ಬರಲು ಎರಡು ತಿಂಗಳು ಮುಂದೂಡಿದ್ದರು. ಅವರಿಗೂ ಸ್ಟಾಟಿನ್ ಶುರುವಾಗಿದೆ. 19 ವರ್ಷದ ಮಗನ ಎಲ್‌ಡಿಎಲ್ 112, ಲೈಪೊಪ್ರೋಟೀನ್-ಎ 20. ಮಾತ್ರೆ ಬೇಡ, ತೂಕ ನೋಡಿಕೊಂಡು ಕೆಲವು ವರ್ಷಗಳಲ್ಲಿ ಮತ್ತೆ ಪರೀಕ್ಷೆ.

ಹಾರ್ಡ್‌ವೇರ್ ಅಂಗಡಿಯವರಿಗೆ ಮುಂದಿನ ಲಿಪಿಡ್ (ಕೊಲೆಸ್ಟರಾಲ್, ಟ್ರೈಗ್ಲಿಸರೈಡ್) ಪರೀಕ್ಷೆ ಆರು ತಿಂಗಳಿಗೆ, ಎಚ್‌ಬಿಎ1ಸಿ ಮೂರು ತಿಂಗಳಿಗೆ. ಜ್ವರ, ಸೋಂಕು ಬಂದಿದ್ದರೆ ಲಿಪಿಡ್ ಪರೀಕ್ಷೆ ಒಂದು ತಿಂಗಳು ಮುಂದಕ್ಕೆ. ಹಬ್ಬ, ಮದುವೆಯ ಮರುದಿನ ರಕ್ತ ಕೊಡುವಂತಿಲ್ಲ. ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೆ ಶೇ. 20ರಷ್ಟು ಸುಮ್ಮನೆ ಏರಿಳಿಯುತ್ತದೆ, ಆದ್ದರಿಂದ 158 ಇದ್ದದ್ದು 185 ಬಂದರೆ ಗಾಬರಿ ಬೇಡ, 300 ಬಂದರೆ ಫೋನ್ ಮಾಡಬೇಕು. ಗಂಟಲು ನೋವಿಗೋ ಇನ್ನಾವುದಕ್ಕೋ ಹೊಸ ಔಷಧ ಬರೆಸಿಕೊಳ್ಳುವಾಗ ಸ್ಟಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಹೇಳಬೇಕು. ಫೈಲಿನ ಮೊದಲ ಹಾಳೆಯ ಮೇಲೆ ಈಗ ಕೆಂಪು ಶಾಯಿಯಲ್ಲಿ ‘ನಾನ್‌-ಎಚ್‌ಡಿಎಲ್ 100ರ ಒಳಗೆ, ಎಲ್‌ಡಿಎಲ್ 70ರ ಒಳಗೆ’ ಎಂದು ಬರೆದಿದೆ. ಪ್ರತಿ ರಿಪೋರ್ಟ್ ಬಂದಾಗ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯುವ ಕೆಲಸವನ್ನು ಮಗನಿಗೆ ವಹಿಸಲಾಗಿದೆ.